ಆನೆಯಿಂದ ಬಳಲುತ್ತಿದ್ದೇನೆ

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು ಫೋನು ತೆರೆದರೆ ಎರಡನೇ ವರ್ಷದ ಹುಡುಗನೊಬ್ಬನ ಇಮೇಲ್ ಬಂದಿತ್ತು. ಅಜ್ಜಿ ತೀರಿಕೊಂಡಿದ್ದಾರೆ, ಮೂರು ದಿನ ಕಾಲೇಜಿಗೆ ಬರುವುದಿಲ್ಲ ಎಂದು. ಅದರ ಕೆಳಗೆ ನನ್ನ ಫೋನು, ನಾನು ಕೇಳದೆಯೇ, ಮೂರು ಉತ್ತರಗಳನ್ನು ತಯಾರು ಮಾಡಿ ಸಾಲಾಗಿ ಇಟ್ಟಿತ್ತು. ಒಂದು ‘ಥ್ಯಾಂಕ್ಯೂ’, ಇನ್ನೊಂದು ‘ಗ್ರೇಟ್’, ಮತ್ತೊಂದು ‘ಸೌಂಡ್ಸ್ ಗುಡ್’. ಯಾವುದನ್ನು ಒತ್ತಿದ್ದರೂ ಆ ಹುಡುಗ ಜೀವಮಾನದಲ್ಲಿ ನನ್ನ ಮುಖ ನೋಡುತ್ತಿರಲಿಲ್ಲ. ನಾನು ಯಾವುದನ್ನೂ ಒತ್ತದೆ ಅವನಿಗೆ ಫೋನ್ ಮಾಡಿ ಮಾತಾಡಿದೆ. ಆಮೇಲೆ ಫೋನಿನ ಬುದ್ಧಿಗೆ ನಗಬೇಕು ಅಂತ ಹೊರಟವಳಿಗೆ ನಗು ಅರ್ಧಕ್ಕೇ ನಿಂತಿತು. ಯಾಕೆಂದರೆ ಒಂದು ಕಾಲದಲ್ಲಿ ನಾನೂ ಇಂಥದೇ ಉತ್ತರ ಕೊಟ್ಟವಳು. ನಾನು ಯಂತ್ರ ಅಲ್ಲ, ಸಂಬಳ ತೆಗೆದುಕೊಳ್ಳುವ ಮೇಷ್ಟರು ಎಂಬುದಷ್ಟೇ ವ್ಯತ್ಯಾಸ.

ಆ ಕಥೆಯನ್ನು ನಿಮಗೆ ಹೇಳಬೇಕು. ಹೇಳಿದರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ, ಪರವಾಗಿಲ್ಲ. ದಕ್ಷಿಣ ಕೊಡಗಿನಲ್ಲಿ ಅದು ಹೋಗಿ ಆಗಲೇ ಎಷ್ಟೋ ವರ್ಷವಾಯಿತು.

ನಾನು ಇಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಮಕ್ಕಳು ಮನೆಯಲ್ಲಿ ಕೊಡವ ತಕ್ಕ್ ಆಡುತ್ತಾರೆ, ಮಲಯಾಳ ಆಡುತ್ತಾರೆ, ಅರೆಭಾಷೆ, ತಮಿಳು, ತುಳು, ಉರ್ದು ಆಡುತ್ತಾರೆ. ಕಾಲೇಜಿನ ಗೇಟು ದಾಟಿದ ಮೇಲೆ ಎಲ್ಲ ಸೇರಿ ಒಂದು ಕನ್ನಡ. ಆ ಕನ್ನಡದಲ್ಲಿ ಜಗಳ, ಪ್ರೀತಿ, ನೋಟ್ಸ್ ಸಾಲ ಕೇಳುವುದು ಎಲ್ಲವೂ ಸರಾಗ. ಇಂಗ್ಲಿಷ್ ಬರುವುದು ಮಾತ್ರ ಎಲ್ಲಕ್ಕಿಂತ ಕೊನೆಗೆ, ಮದುವೆ ಮನೆಗೆ ತಹಸೀಲ್ದಾರರು ಬಂದ ಹಾಗೆ. ಎಲ್ಲರೂ ಎದ್ದು ನಿಲ್ಲುತ್ತಾರೆ, ಯಾರೂ ಮಾತಾಡುವುದಿಲ್ಲ.

ಆ ವರ್ಷ ಕಾಲೇಜನ್ನು ಪರಿಶೀಲಿಸಲು ಒಂದು ಸಮಿತಿ ಬರುವುದಿತ್ತು. ನಮ್ಮ ಪ್ರಿನ್ಸಿಪಾಲರು ವಾಣಿಜ್ಯಶಾಸ್ತ್ರದವರು, ಕೆಲಸದಲ್ಲಿ ಬಹಳ ಕಟ್ಟುನಿಟ್ಟು. “ಇನ್ನು ಮೇಲೆ ಕಾಲೇಜಿನಲ್ಲಿ ಕಾಗದ ಇಲ್ಲ. ರಜೆ ಬೇಕಾದರೆ ಇಮೇಲ್. ಇಂಗ್ಲಿಷಿನಲ್ಲಿ. ಮೇಡಂ, ನೀವೇ ನೋಡಿಕೊಳ್ಳಿ,” ಅಂದರು. ಅದಕ್ಕೂ ಮೊದಲು ಮಕ್ಕಳು ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, “ಮೇಡಂ, ನಾಳೆ ಬರಲ್ಲ, ದೊಡ್ಡಮ್ಮನ ಮನೇಲಿ ಕಾರ್ಯ ಉಂಟು,” ಎಂದರೆ ಮುಗಿಯುತ್ತಿತ್ತು. ನಾನು ಆಯ್ತು ಅಂತ ತಲೆಯಾಡಿಸಿದರೆ ಅದೇ ರಜೆ.

ನಾನು ಉತ್ಸಾಹದಿಂದ ಒಂದು ಮಾದರಿ ಇಮೇಲ್ ಬರೆದು, ನೂರಾರು ಪ್ರತಿ ತೆಗೆಸಿ (ಕಾಗದವಿಲ್ಲದ ಕಾಲೇಜು ಶುರುವಾದದ್ದು ಹೀಗೆ) ಹಂಚಿದೆ. ‘ರೆಸ್ಪೆಕ್ಟೆಡ್ ಮೇಡಂ, ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್,’ ಜ್ವರದಿಂದ ಬಳಲುತ್ತಿರುವುದರಿಂದ ಇಂಥ ದಿನದಿಂದ ಇಂಥ ದಿನದವರೆಗೆ ರಜೆ ಕೊಡಬೇಕಾಗಿ ವಿನಂತಿ. ಹೆಸರು, ತಾರೀಕು ಮಾತ್ರ ಖಾಲಿ ಬಿಟ್ಟಿದ್ದೆ. ಜ್ವರದ ಜಾಗವನ್ನೂ ಖಾಲಿ ಬಿಡಬೇಕಿತ್ತು ಅಂತ ಹೊಳೆಯಲಿಲ್ಲ.

ಮೂರನೇ ವಾರಕ್ಕೆ ಕಾಲೇಜಿನ ಅರ್ಧಕ್ಕರ್ಧ ಮಕ್ಕಳಿಗೆ ಜ್ವರ. ಅಕ್ಕನ ಮದುವೆಗೆ ಹೋದವಳಿಗೆ ಜ್ವರ, ಹಲ್ಲು ಕೀಳಿಸಿಕೊಂಡವನಿಗೆ ಜ್ವರ, ಡ್ರೈವಿಂಗ್ ಲೈಸೆನ್ಸಿಗೆ ಹೋದ ನಾಲ್ವರಿಗೆ ಒಟ್ಟಿಗೇ ಜ್ವರ. ಪ್ರಿನ್ಸಿಪಾಲರು ಎಲ್ಲ ಇಮೇಲುಗಳನ್ನು ಒಟ್ಟಿಗೆ ನೋಡಿ ಗಾಬರಿಯಾಗಿ ಆರೋಗ್ಯ ಕೇಂದ್ರಕ್ಕೆ ಹೇಳಿಕಳಿಸಿದರು. ಸಿಸ್ಟರ್ ಒಬ್ಬರು ಇಬ್ಬರು ಸಹಾಯಕಿಯರ ಜೊತೆ ಬಂದು ಇಡೀ ಕಾಲೇಜಿನ ಬೆರಳು ಚುಚ್ಚಿ ರಕ್ತ ತೆಗೆದರು. ನೀರಿನ ಡ್ರಮ್ಮುಗಳನ್ನು ಬೋರಲು ಹಾಕಿಸಿದರು. ಕೊನೆಗೆ ನೋಡಿದರೆ ಜ್ವರ ಇದ್ದದ್ದು ಒಬ್ಬರಿಗೆ ಮಾತ್ರ, ನಮ್ಮ ಲೈಬ್ರೆರಿಯನ್ ಅವರಿಗೆ. ಅವರು ರಜೆ ಕೇಳಿರಲಿಲ್ಲ. ಅವರಿಗೆ ಇಮೇಲ್ ಬರೆಯಲು ಬರುತ್ತಿರಲಿಲ್ಲ.

“ಎಂಥ ಮೇಡಂ ಇದು?” ಅಂದರು ಪ್ರಿನ್ಸಿಪಾಲರು. “ಇನ್ನು ಜ್ವರ ಬೇಡ. ನಿಜವಾದ ಕಾರಣ ಬರೆಯಲಿ.”

ಹಾಗೆಯೇ ಆಯಿತು. ಮಕ್ಕಳು ವಿಧೇಯರು. ಮಾದರಿಯಿಂದ ಜ್ವರವನ್ನು ತೆಗೆದು ಆ ಜಾಗದಲ್ಲಿ ನಿಜವಾದ ಕಾರಣವನ್ನು ಕೂರಿಸಿದರು. ಉಳಿದದ್ದನ್ನು ಮುಟ್ಟಲಿಲ್ಲ. ಕರಿಮೆಣಸಿನಿಂದ ಬಳಲುತ್ತಿದ್ದೇನೆ, ಅಂದರೆ ಮನೆಯಲ್ಲಿ ಮೆಣಸು ಕೊಯ್ಲು. ಅಮ್ಮನಿಂದ ಬಳಲುತ್ತಿದ್ದೇನೆ, ಅಂದರೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಒಬ್ಬ ‘ಐ ಆಮ್ ಸಫರಿಂಗ್ ಫ್ರಮ್ ಹಾಕಿ’ ಎಂದು ಬರೆದಿದ್ದ. ಕೊಡವ ಮನೆತನಗಳ ನಡುವಿನ ಹಾಕಿ ಪಂದ್ಯಾವಳಿಯಲ್ಲಿ ಅವನ ಮನೆತನದ ತಂಡ ಸೆಮಿಫೈನಲಿಗೆ ಬಂದಿತ್ತು.

ನೀವು ನಗುತ್ತೀರಿ. ನಾನು ನಗಲಿಲ್ಲ. ಆಗ ನನಗೆ ವ್ಯಾಕರಣವೆಂದರೆ ಒಂದು ಹುಚ್ಚು. ಹೋಟೆಲಿನ ಬೋರ್ಡಿನಲ್ಲಿ ಅಕ್ಷರ ತಪ್ಪಿದ್ದರೆ ಊಟ ರುಚಿಸುತ್ತಿರಲಿಲ್ಲ. ನಮ್ಮ ಮನೆಯವರು ಒಮ್ಮೆ ಹುಟ್ಟುಹಬ್ಬಕ್ಕೆ ಕೊಟ್ಟ ಕಾರ್ಡಿನಲ್ಲಿ ಅಲ್ಪವಿರಾಮ ಸೇರಿಸಿ ವಾಪಸು ಕೊಟ್ಟಿದ್ದೆ. ಆಮೇಲೆ ಅವರು ಕಾರ್ಡು ಕೊಡಲಿಲ್ಲ. ಇಂಥ ನಾನು ಒಂದು ನಿಯಮ ಮಾಡಿದೆ: ಇಮೇಲಿನಲ್ಲಿ ಒಂದು ತಪ್ಪಿದ್ದರೂ ರಜೆ ಇಲ್ಲ. ತಿದ್ದಿ ಮತ್ತೆ ಕಳಿಸಬೇಕು. ತಪ್ಪಿಲ್ಲದ ಇಮೇಲ್ ಬಂದ ಮೇಲೆಯೇ ‘ಗ್ರಾಂಟೆಡ್’. ನನ್ನ ಈ ಉಪಾಯವನ್ನು ನಾನೇ ಬಹಳ ಮೆಚ್ಚಿಕೊಂಡಿದ್ದೆ.

ಆಗ ಬಂತು ಸಜಿತಾಳ ಇಮೇಲ್. ಸಜಿತಾ ಕೊನೆಯ ವರ್ಷದ ಹುಡುಗಿ, ಮೂರನೇ ಬೆಂಚು, ಕೇಳಿದರೆ ಮಾತ್ರ ಉತ್ತರ. ಹುದಿಕೇರಿಯಿಂದಾಚೆ ಒಂದು ಎಸ್ಟೇಟಿನಲ್ಲಿ ಅವಳ ಅಪ್ಪ ರೈಟರ್, ಅಂದರೆ ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುವವರು. ಅವಳು ಬರೆದದ್ದು ಇಷ್ಟೇ: ‘ಐ ಆಮ್ ಸಫರಿಂಗ್ ಫ್ರಮ್ ಎಲಿಫೆಂಟ್ ಸಿನ್ಸ್ ಯೆಸ್ಟರ್‌ಡೇ.’ ನಿನ್ನೆಯಿಂದ ಆನೆಯಿಂದ ಬಳಲುತ್ತಿದ್ದೇನೆ.

ನಾನು ಸ್ಟಾಫ್ ರೂಮಿನಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿದೆ. ಎಲ್ಲರೂ ನಕ್ಕರು. ಆನಂತರ ಗಂಭೀರಳಾಗಿ ಉತ್ತರಿಸಿದೆ: ಎಲಿಫೆಂಟ್ ಎಂಬುದಕ್ಕೆ ಮೊದಲು ‘ಆನ್’ ಬರಬೇಕು. ತಿದ್ದಿ ಕಳಿಸು.

ಒಂದು ಗಂಟೆಯಲ್ಲಿ ತಿದ್ದಿದ್ದು ಬಂತು. ‘ಆನ್ ಎಲಿಫೆಂಟ್’ನಿಂದ ಬಳಲುತ್ತಿದ್ದೇನೆ.

ಬಳಲುವುದು ಕಾಯಿಲೆಯಿಂದ, ಪ್ರಾಣಿಯಿಂದ ಅಲ್ಲ ಅಂತ ನಾನು ಬರೆದೆ. ‘ಬಿಕಾಸ್ ಆಫ್’ ಬಳಸು.

ಮಾರನೇ ದಿನ ಬಂತು: ‘ಬಿಕಾಸ್ ಆಫ್ ಆನ್ ಎಲಿಫೆಂಟ್ ಐ ಆಮ್ ಸಫರಿಂಗ್.’ ಆನೆಯ ಕಾರಣದಿಂದ ಬಳಲುತ್ತಿದ್ದೇನೆ. ನಾನು ನಿಟ್ಟುಸಿರು ಬಿಟ್ಟು, ಬಳಲುವುದನ್ನು ಬಿಟ್ಟು ಏನಾಯಿತು ಅಂತ ಪೂರ್ಣ ವಾಕ್ಯದಲ್ಲಿ ಬರೆ, ಕಾಲದ ಬಗ್ಗೆ ಗಮನ ಇರಲಿ ಎಂದೆ.

ಅವಳು ಬರೆದಳು. ಮೂರು ದಿನದಿಂದ ನಮ್ಮ ಮನೆಯ ಹತ್ತಿರ ಒಂದು ಆನೆ ನಿಂತಿದೆ. ಹಲಸಿನ ಹಣ್ಣು ತಿನ್ನುತ್ತಿದೆ. ಆದ್ದರಿಂದ ಬರಲಾಗುತ್ತಿಲ್ಲ. ಕಾಲ ಸರಿಯಾಗಿತ್ತು. ನನಗೆ ಖುಷಿಯಾಯಿತು. ಆದರೂ ಒಂದು ಕಡೆ ಆನೆಗೆ ‘ಹಿ’ ಅಂದಿದ್ದಳು, ಇನ್ನೊಂದು ಕಡೆ ‘ಇಟ್’. ಸರ್ವನಾಮ ಒಂದೇ ಇರಬೇಕು, ಅದು ಗಂಡಾನೆಯೋ ಹೆಣ್ಣಾನೆಯೋ ತಿಳಿದುಕೊಂಡು ಬರೆ ಎಂದು ಕಳಿಸಿದೆ.

ಅದಕ್ಕೆ ಬಂದ ಉತ್ತರ ನನಗಿನ್ನೂ ಬಾಯಿಪಾಠ: ‘ಮೇಡಂ, ಐ ಡಿಡ್ ನಾಟ್ ಗೋ ಸೋ ನಿಯರ್.’ ಅಷ್ಟು ಹತ್ತಿರ ಹೋಗಲಿಲ್ಲ, ಮೇಡಂ.

ಐದನೇ ದಿನ ಬಂದ ಇಮೇಲ್ ಮಾತ್ರ ಮುತ್ತಿನಂತಿತ್ತು. ಒಂದು ತಪ್ಪಿಲ್ಲ. ಕಾಫಿ ಗಿಡಗಳ ನಡುವೆ ಆ ಆನೆ ಹೇಗೆ ಕಿವಿ ಬೀಸುತ್ತಾ ನಿಂತಿದೆ, ಲೈನಿನವರು ಅಂದರೆ ಸಾಲುಮನೆಗಳ ಆಳುಗಳು ಹೇಗೆ ಬಾಗಿಲು ಹಾಕಿಕೊಂಡಿದ್ದಾರೆ, ಎಲ್ಲ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ. ನಾನು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ‘ನೋಡಿ, ಬರೆದರೆ ಹೀಗೆ ಬರೆಯಬೇಕು’ ಎಂದೆ. ಅವಳಿಗೆ ‘ಎಕ್ಸಲೆಂಟ್’ ಎಂದು ಉತ್ತರ ಬರೆದು, ಆ ಸಂಭ್ರಮದಲ್ಲಿ ‘ಗ್ರಾಂಟೆಡ್’ ಎಂದು ಬರೆಯುವುದನ್ನು ಮರೆತೆ.

ಸೆಮಿಸ್ಟರಿನ ಕೊನೆಗೆ ಹಾಜರಿ ಸಾಲದವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿದರು. ಪಟ್ಟಿಯಲ್ಲಿದ್ದವರು ಪರೀಕ್ಷೆಗೆ ಕೂರುವ ಹಾಗಿಲ್ಲ, ವರ್ಷ ಹೋದಂತೆ. ಸಜಿತಾಳ ಹೆಸರು ಅದರಲ್ಲಿತ್ತು. ಆನೆ ನಿಂತಿದ್ದ ಆ ಆರು ದಿನಗಳು ಕಡಿಮೆ ಬಿದ್ದಿದ್ದವು. ಬೇರೆಯವರಾಗಿದ್ದರೆ ಸ್ಟಾಫ್ ರೂಮಿಗೆ ಬಂದು ಅಳುತ್ತಿದ್ದರು, ಇಲ್ಲ ಅಪ್ಪನನ್ನು ಕರೆತರುತ್ತಿದ್ದರು. ಇವಳು ಹದಿನೈದು ಹೆಜ್ಜೆ ದೂರದ ಕಾರಿಡಾರಿನಲ್ಲಿ ನಿಂತು ನನಗೆ ಇಮೇಲ್ ಕಳಿಸಿದಳು. ನಿಯಮ ನಿಯಮವೇ ಅಲ್ಲವೇ. ‘ರೆಸ್ಪೆಕ್ಟೆಡ್ ಮೇಡಂ, ಈಸ್ ಎಕ್ಸಲೆಂಟ್ ನಾಟ್ ಎ ಲೀವ್?’ ಎಕ್ಸಲೆಂಟ್ ಅಂದರೆ ರಜೆ ಅಲ್ಲವೇ?

ಪ್ರಿನ್ಸಿಪಾಲರ ಬಳಿ ಓಡಿದೆ. ತಪ್ಪು ನನ್ನದು, ಅವಳನ್ನು ಬಿಡಿ ಎಂದೆ. ಅವರು ಎಲ್ಲ ಇಮೇಲುಗಳನ್ನು ಮೊದಲಿನಿಂದ ಓದಿದರು. ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು.

“ಮೇಡಂ, ಇದರಲ್ಲಿ ಇಂಗ್ಲಿಷ್ ಉಂಟು. ಆನೆ ಇತ್ತು ಅನ್ನುವುದಕ್ಕೆ ದಾಖಲೆ ಎಲ್ಲಿ? ನಾಳೆ ಸಮಿತಿ ಕೇಳಿದರೆ ನಾನು ಎಂಥ ತೋರಿಸಲಿ? ನೀವೇ ಹೋಗಿ ವಿಚಾರಿಸಿ ಒಂದು ವರದಿ ಕೊಡಿ. ಶುಕ್ರವಾರ ಕೊನೆಯ ದಿನ.”

ಗುರುವಾರ ಬೆಳಿಗ್ಗೆ ಹುದಿಕೇರಿ ಬಸ್ಸು ಹತ್ತಿದೆ. ಅಲ್ಲಿಂದ ಎಸ್ಟೇಟಿನ ಜೀಪು. ಸಜಿತಾಳ ಅಪ್ಪ ರಾಘವನ್ ಬಾಗಿಲಲ್ಲೇ ನಿಂತಿದ್ದರು. ಸಣಕಲು ಮನುಷ್ಯ, ಜೇಬಿನಲ್ಲಿ ಎರಡು ಪೆನ್ನು. ಮಲಯಾಳ ಬೆರೆತ ಕನ್ನಡದಲ್ಲಿ, “ಬನ್ನಿ ಮೇಡಂ, ಬೇಗ ಒಳಗೆ ಬನ್ನಿ,” ಅಂದರು. ಸ್ವಾಗತದಲ್ಲಿ ಅಷ್ಟು ಅವಸರ ಯಾಕೆ ಅಂತ ನಾನು ಯೋಚಿಸುವಷ್ಟರಲ್ಲಿ ಜೀಪು ತಿರುಗಿಕೊಂಡು ಹೋಗಿಯೇಬಿಟ್ಟಿತು. ರಾಘವನ್ ಬಾಗಿಲು ಹಾಕಿ ಅಗುಳಿ ಜಡಿದರು.

“ಅದು ಪುನಃ ಬಂದುಂಟು, ಮೇಡಂ.”

ಕಿಟಕಿಯಿಂದ ನೋಡಿದೆ. ಹಲಸಿನ ಮರದ ಕೆಳಗೆ ಬೂದಿ ಬಣ್ಣದ ಗೋಡೆಯೊಂದು ನಿಂತಿತ್ತು. ಮೊದಲು ಅದನ್ನು ಪಂಪ್ ಹೌಸ್ ಅಂದುಕೊಂಡೆ. ಆಮೇಲೆ ಪಂಪ್ ಹೌಸು ಬಾಲ ಆಡಿಸಿತು.

ಸಜಿತಾಳ ತಾಯಿ ಚಹಾ ಕೊಟ್ಟರು. ಕಾಲೇಜಿಗೆ ಹೊರಡಲಾಗದ ಸಜಿತಾಳೂ ಅಲ್ಲೇ ಇದ್ದಳು. ರಾಘವನ್ ನಾನು ಬಂದ ಕಾರಣ ಕೇಳಿ, ಒಳಗಿನಿಂದ ಉದ್ದನೆಯ ಒಂದು ಪುಸ್ತಕ ತಂದು ತೆರೆದರು. ಆಳುಗಳ ಹಾಜರಿ. ಪ್ರತಿ ಹೆಸರಿನ ಮುಂದೆ ಗುರುತು. ಆ ಆರು ದಿನಗಳ ಜಾಗದಲ್ಲಿ ಮಾತ್ರ, ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆದು, ಅದರ ಮೇಲೆ ‘ಆನೆ’ ಎಂದು ಬರೆದಿತ್ತು.

“ಇಷ್ಟೇನಾ?” ಎಂದೆ.

“ಇನ್ನೆಂಥ ಬರೆಯುವುದು, ಮೇಡಂ? ಆನೆ ಬಂದಿತ್ತಲ್ಲ.”

ಹಾಜರಿ ಬರೆಯುವುದು ಅವರ ಕೆಲಸವೂ ಹೌದು, ನನ್ನದೂ ಹೌದು. ಅವರು ಮೂವತ್ತು ವರ್ಷ ಆ ಕೆಲಸ ಮಾಡಿದ್ದರು. ನನಗೆ ಮುಖ ಎತ್ತಿ ಅವರನ್ನು ನೋಡಲಾಗಲಿಲ್ಲ.

ಮಧ್ಯಾಹ್ನ ಎರಡಕ್ಕೆ ನನಗೆ ಕಿರುಪರೀಕ್ಷೆ ನಡೆಸುವುದಿತ್ತು. ಬರಲಾಗುವುದಿಲ್ಲ ಎಂದು ಪ್ರಿನ್ಸಿಪಾಲರಿಗೆ ತಿಳಿಸಬೇಕು. ಫೋನು ತೆಗೆದರೆ ಸಿಗ್ನಲ್ ಇಲ್ಲ. “ಇಲ್ಲಿ ಸಿಗಲ್ಲ, ಮೇಡಂ,” ಎಂದಳು ಸಜಿತಾ. “ಟ್ಯಾಂಕಿನ ಮೇಲೆ ಹತ್ತಬೇಕು.”

ಮನೆಯ ಹಿಂಬಾಗಿಲಿನಿಂದ ಹತ್ತು ಮಾರು ದೂರದಲ್ಲಿ, ಕಂಬಗಳ ಮೇಲೆ ಒಂದು ನೀರಿನ ಟ್ಯಾಂಕು. ಅದಕ್ಕೊಂದು ಕಬ್ಬಿಣದ ಏಣಿ.

“ನೀನು ಆ ಇಮೇಲುಗಳನ್ನೆಲ್ಲ...”

“ಅಲ್ಲಿಂದಲೇ, ಮೇಡಂ.” ಅವಳು ದೂರು ಹೇಳುವವಳ ಹಾಗಲ್ಲ, ದಾರಿ ತೋರಿಸುವವಳ ಹಾಗೆ ಹೇಳುತ್ತಾ ಹೋದಳು. “ಫಸ್ಟ್ ಮೇಲ್ ಕಳಿಸೋವಾಗ ಅದು ಗೇಟಿನ ಹತ್ರ ಇತ್ತು. ‘ಆನ್’ ಹಾಕಿ ಕಳಿಸೋವಾಗ ಹಲಸಿನ ಮರಕ್ಕೆ ಬಂದಿತ್ತು. ‘ಬಿಕಾಸ್ ಆಫ್’ ಮಾಡೋವಾಗ ಇಲ್ಲೇ ಬಟ್ಟೆ ಒಗೆಯೋ ಕಲ್ಲಿನ ಹತ್ರ. ಟೆನ್ಸ್ ಸರಿ ಮಾಡೋವಾಗ ಟ್ಯಾಂಕಿನ ಕೆಳಗೇ ನಿಂತುಬಿಟ್ಟಿತು. ಎರಡು ಗಂಟೆ ಮೇಲೇ ಕೂತಿದ್ದೆ.”

“ಅಯ್ಯೋ, ಯಾಕಮ್ಮ ಹತ್ತಿದೆ? ಬಿಡಬಾರದಿತ್ತಾ?”

“ನೀವು ತಿದ್ದಿ ಕಳಿಸು ಅಂದ್ರಲ್ಲ, ಮೇಡಂ.”

ನಾನು ಸ್ಟಾಫ್ ರೂಮಿನ ಫ್ಯಾನಿನ ಕೆಳಗೆ ಕೂತು ಗಂಡೋ ಹೆಣ್ಣೋ ಎಂದು ಕೇಳುತ್ತಿದ್ದಾಗ ಈ ಹುಡುಗಿ ಟ್ಯಾಂಕಿನ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತು, ಕೆಳಗಿದ್ದ ಬೆನ್ನನ್ನು ನೋಡುತ್ತಾ ಸರ್ವನಾಮ ಹುಡುಕುತ್ತಿದ್ದಳು. ಕಣ್ಣು ತುಂಬಿತು. ಆದರೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ, ಒಂದೂವರೆ ಆಗಿತ್ತು.

ಆನೆ ಮನೆಯ ಮುಂದೆ ಇದ್ದುದರಿಂದ ಹಿಂದಿನಿಂದ ಹೋಗಬಹುದು ಎಂದು ರಾಘವನ್ ಹೇಳಿದರು. ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಚಪ್ಪಲಿ ಬಿಟ್ಟು ಓಡಿದೆ. ನಲವತ್ತೆರಡನೇ ವಯಸ್ಸಿನಲ್ಲಿ ಏಣಿ ಹತ್ತಿದೆ. ಕೆಳಗೆ ಸಜಿತಾ ಏಣಿ ಹಿಡಿದು, “ಕೆಳಗೆ ನೋಡ್ಬೇಡಿ, ಮೇಡಂ,” ಎಂದು ಪಿಸುಗುಟ್ಟುತ್ತಿದ್ದಳು. ಮೇಲೆ ತಲುಪಿ ಫೋನು ತೆಗೆದು ಟೈಪ್ ಮಾಡಲು ಶುರು ಮಾಡಿದ್ದಷ್ಟೇ, ಮನೆಯ ಪಕ್ಕದಿಂದ ಒಣಗಿದ ಎಲೆಗಳ ಸದ್ದು. ಸಜಿತಾ ಒಂದೇ ನೆಗೆತಕ್ಕೆ ಒಳಗೆ ಸೇರಿ ಬಾಗಿಲು ಹಾಕಿಕೊಂಡಳು. ಬುದ್ಧಿವಂತೆ. ಆನೆ ಮೂಲೆ ತಿರುಗಿ ಬಂದು ಸೊಂಡಿಲು ಎತ್ತಿ ನನ್ನ ಕಡೆಗೇ ಗಾಳಿಯನ್ನು ಮೂಸಿತು.

ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದವಳ ತಲೆಯಲ್ಲಿ ಆ ಕ್ಷಣ ಒಂದು ವಾಕ್ಯವೂ ಇರಲಿಲ್ಲ. ಬೆರಳಿಗೆ ಬಂದದ್ದನ್ನು ಒತ್ತಿ ಕಳಿಸಿದೆ. ಕಳಿಸಿದ ಮೇಲೆ ಓದಿದೆ. ‘ಸರ್ ಐ ಆಮ್ ಸಫರಿಂಗ್ ಫ್ರಮ್ ಎಲಿಫೆಂಟ್.’

ಎರಡೇ ನಿಮಿಷದಲ್ಲಿ ಪ್ರಿನ್ಸಿಪಾಲರ ಉತ್ತರ ಬಂತು. ‘ಆನ್ ಎಲಿಫೆಂಟ್. ತಿದ್ದಿ ಮತ್ತೆ ಕಳಿಸಿ.’

ಅವರು ತಮಾಷೆ ಮಾಡಿದರೋ ನಿಜವಾಗಿಯೂ ತಿದ್ದಿದರೋ, ಅವರು ನಿವೃತ್ತರಾಗುವವರೆಗೂ ನನಗೆ ಕೇಳುವ ಧೈರ್ಯ ಬರಲಿಲ್ಲ. ಆ ಹೊತ್ತಿಗೆ ಮಾತ್ರ ನಾನು ಕೋಪವನ್ನೂ ಮಾಡಿಕೊಳ್ಳದೆ, ಟ್ಯಾಂಕಿನ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತು, ತಿದ್ದಿ ಮತ್ತೆ ಕಳಿಸಿದೆ.

ನಾಲ್ಕು ಗಂಟೆಗೆ ಅರಣ್ಯ ಇಲಾಖೆಯವರು ಬಂದು ಪಟಾಕಿ ಹೊಡೆದರು. ಆನೆ ಯಾರ ಅವಸರಕ್ಕೂ ಒಳಗಾಗದೆ, ಇನ್ನೊಂದು ಹಲಸು ಕಿತ್ತುಕೊಂಡೇ ತೋಟದ ಆಚೆಗೆ ಇಳಿಯಿತು. ನನ್ನನ್ನು ಇಳಿಸಲು ಇಬ್ಬರು ಗಾರ್ಡುಗಳು ಬೇಕಾದರು. ಅವರಲ್ಲೊಬ್ಬರು, “ಮೇಡಂ ನೀವು ಯಾಕೆ ಹತ್ತಿದ್ದು?” ಎಂದು ಕೇಳಿದರು. “ಇಮೇಲ್ ಮಾಡೋದಕ್ಕೆ,” ಎಂದೆ. ಅವರು ಇನ್ನೊಬ್ಬರ ಮುಖ ನೋಡಿದರು.

ಶುಕ್ರವಾರ ನಾನು ಬೇರೆ ವರದಿ ಬರೆಯಬೇಕಾಗಲಿಲ್ಲ. ಪ್ರಿನ್ಸಿಪಾಲರು ನನ್ನ ಎರಡು ಇಮೇಲುಗಳನ್ನೇ, ತಪ್ಪಿದ್ದದ್ದನ್ನೂ ತಿದ್ದಿದ್ದನ್ನೂ, ಪ್ರಿಂಟ್ ತೆಗೆಸಿ ಸಜಿತಾಳ ಫೈಲಿಗೆ ಸೇರಿಸಿದರು. ಆನೆ ಇತ್ತು ಎನ್ನುವುದಕ್ಕೆ ದಾಖಲೆ. ಸಮಿತಿಯವರು ಬಂದಾಗ ಅದನ್ನು ಓದಿದರಂತೆ, ಏನೂ ಕೇಳಲಿಲ್ಲವಂತೆ. ಸಜಿತಾ ಪರೀಕ್ಷೆ ಬರೆದಳು, ಪಾಸಾದಳು. ಫಲಿತಾಂಶ ಬಂದ ದಿನ ಅವಳ ಅಪ್ಪ ಬಸ್ಸಿನಲ್ಲಿ ಅಷ್ಟು ದೂರ ಒಂದು ಇಡೀ ಹಲಸಿನ ಹಣ್ಣು ಹೊತ್ತು ತಂದು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು, “ಅದು ಬಿಟ್ಟದ್ದು, ಮೇಡಂ,” ಎಂದರು.

ಈಗ ಅವಳು ಕುಟ್ಟದ ಕಡೆ ಒಂದು ಶಾಲೆಯಲ್ಲಿ ಟೀಚರ್. ಆಗಾಗ ಫೋನ್ ಮಾಡುತ್ತಾಳೆ. ಇಮೇಲ್ ಮಾಡುವುದಿಲ್ಲ.

ನಾನು ಮಾದರಿ ಹಂಚುವುದನ್ನು ಬಿಟ್ಟೆ. ಈಗ ಪ್ರತಿ ವರ್ಷ ಮೊದಲ ತರಗತಿಯಲ್ಲಿ ಒಂದೇ ಮಾತು ಹೇಳುತ್ತೇನೆ: ಏನಾಯಿತೋ ಅದನ್ನೇ ಬರೆಯಿರಿ, ಇಂಗ್ಲಿಷ್ ಹೇಗಾದರೂ ಇರಲಿ, ರಜೆ ಕೊಡುತ್ತೇನೆ. ಮಕ್ಕಳು ನಂಬುವುದಕ್ಕೆ ಕೆಲವು ತಿಂಗಳು ಬೇಕಾಗುತ್ತದೆ. ನಂಬಿದ ಮೇಲೆ ಏನೇನು ಬರೆಯುತ್ತಾರೆ ಎನ್ನುವುದಕ್ಕೆ ನಾನು ಇನ್ನೂ ಪೂರ್ತಿ ತಯಾರಾಗಿಲ್ಲ.

ಇದನ್ನೆಲ್ಲ ನಿಮಗೆ ಹೇಳುತ್ತಾ ಇರುವಾಗಲೇ ಇನ್ನೊಂದು ಇಮೇಲ್ ಬಂತು. ಮೊದಲನೇ ವರ್ಷದ ಹುಡುಗಿ, ಕಕ್ಕಬೆಯವಳು. ಅವಳು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಮೇಡಂ, ಮಂಗಳವಾರ ನಾನು ಹುಷಾರಾಗಿದ್ದೆ. ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದರು. ಬಸ್ಸು ಸರಿಯಾಗಿ ಬಂತು. ಊಟದ ನಂತರ ನಿಮ್ಮ ಪದ್ಯದ ಪಾಠ ಇತ್ತು, ಅದು ಬಹಳ ಉದ್ದ ಇರುತ್ತದೆ. ಹಾಗಾಗಿ ನಾನು ಬಸ್ ಸ್ಟ್ಯಾಂಡಿನಲ್ಲಿ ಕೂತು ಒಂದು ಕಿತ್ತಳೆ ಹಣ್ಣು ತಿಂದೆ. ರಜೆ ಕೊಡಬೇಕಾಗಿ ವಿನಂತಿ.’

ಎರಡು ಸಲ ಓದಿದೆ. ಒಂದು ತಪ್ಪೂ ಸಿಗಲಿಲ್ಲ. ರಜೆ ಕೊಟ್ಟೆ. ಆಮೇಲೆ ನನ್ನ ಪಾಠದ ಡೈರಿ ತೆಗೆದು ಮಂಗಳವಾರದ ಪುಟ ನೋಡಿದೆ. ಹುಡುಗಿ ಹೇಳಿದ್ದು ಸರಿ, ನಿಜಕ್ಕೂ ಉದ್ದ. ಪೆನ್ಸಿಲ್ ಹುಡುಕಿ, ಮುಂದಿನ ಸಲ ಇಲ್ಲಿಗೇ ನಿಲ್ಲಿಸಬೇಕೆಂದು ಅರ್ಧಕ್ಕೆ ಒಂದು ಗೆರೆ ಎಳೆದೆ.